ಗ್ಯಾಸ್ ಸವೆಯುವುದಿಲ್ಲ, ಸೋರುತ್ತದೆ

(ಬೇಸಿಗೆಗೆ ಮುಂಚೆ ಕೋಲಾರದಲ್ಲಿ ಕಾರು, ಟ್ಯಾಕ್ಸಿ, ಲಾರಿ ಓಡಿಸುವವರ ಮುಂದೆ ಗಾಡಿಯ ಎಸಿ ಬಗ್ಗೆ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾರ್ಚ್ ಬಂತೆಂದರೆ ನಮ್ಮ ವರ್ಕ್‌ಶಾಪಿಗೆ ಬರುವವರ ಬಾಯಲ್ಲೆಲ್ಲ ಒಂದೇ ಮಾತು: "ಅಣ್ಣಾ, ಎಸಿ ಕೂಲ್ ಆಗ್ತಿಲ್ಲ, ಸ್ವಲ್ಪ ಗ್ಯಾಸ್ ಹಾಕಿಬಿಡಿ." ಹೋದ ವರ್ಷವೂ ಹಾಕಿಸಿರುತ್ತಾರೆ, ಅದರ ಹಿಂದಿನ ವರ್ಷವೂ ಹಾಕಿಸಿರುತ್ತಾರೆ. ಇಂಜಿನ್ ಆಯಿಲ್ ಬದಲಿಸಿದಂತೆ ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸುವುದೂ ಮಾಮೂಲಿ ಎಂದು ನಂಬಿಕೊಂಡುಬಿಟ್ಟಿದ್ದಾರೆ.

ಈ ನಂಬಿಕೆ ಹೋಗಬೇಕು. ನಾನು ಇವತ್ತು ಇಲ್ಲಿ ನಿಂತಿರುವುದೇ ಅದಕ್ಕೆ. ಎಸಿಯ ಗ್ಯಾಸು ಪೆಟ್ರೋಲಿನಂತೆ ಉರಿದು ಖಾಲಿಯಾಗುವ ವಸ್ತುವಲ್ಲ. ಮುಚ್ಚಿದ ಪೈಪುಗಳೊಳಗೆ ಸುತ್ತುತ್ತಲೇ ಇರುತ್ತದೆ. ರಬ್ಬರ್ ಹೋಸುಗಳಿಂದ, ಕಂಪ್ರೆಸರ್ ಶಾಫ್ಟಿನ ಸೀಲಿನಿಂದ ಚೂರುಪಾರು ಹೊರಹೋಗುವುದುಂಟು. ಆದರೆ ಅದು ನಿಮ್ಮ ಗಮನಕ್ಕೆ ಬರಬೇಕಾದರೆ ವರ್ಷಗಟ್ಟಲೆ ಬೇಕು. ಒಂದು ಬೇಸಿಗೆಯಿಂದ ಇನ್ನೊಂದು ಬೇಸಿಗೆಗೆ ಖಾಲಿಯಾಯಿತೆಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ತುಂಬಿಸಿದ ಗ್ಯಾಸು ಬಂದ ದಾರಿಯಲ್ಲೇ ಹೋಗುತ್ತದೆ, ನಿಮ್ಮ ದುಡ್ಡೂ ಅದರ ಹಿಂದೆಯೇ.

ಅದಕ್ಕಿಂತ ಬೇಸರದ ವಿಷಯವೆಂದರೆ, ಎಷ್ಟೋ ಗಾಡಿಗಳಲ್ಲಿ ಗ್ಯಾಸು ಸರಿಯಾಗೇ ಇರುತ್ತದೆ. ತೊಂದರೆ ಇರುವುದು ಗಾಳಿ ಓಡಾಡುವ ದಾರಿಯಲ್ಲಿ. ಇದು ಅರ್ಥವಾಗಬೇಕಾದರೆ ಎಸಿ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಎಸಿ ಹೊಸದಾಗಿ ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ನಮ್ಮ ಬಹುಪಾಲು ಕಾರುಗಳಲ್ಲಿರುವ ಗ್ಯಾಸು ಆರ್-134ಎ. ಮಾಮೂಲಿ ಒತ್ತಡದಲ್ಲಿ ಇದು ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಅದು ಕಡಿಮೆ ಒತ್ತಡದಲ್ಲಿ ಕುದಿಯುತ್ತಾ, ಬ್ಲೋಯರ್ ತಳ್ಳುವ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿದಾಗ ಒತ್ತಡವೂ ಬಿಸಿಯೂ ಏರುತ್ತವೆ. ಹಾಗೆ ಬಿಸಿಯಾದದ್ದು ಮುಂದಿನ ಗ್ರಿಲ್ ಹಿಂದಿರುವ ಕಂಡೆನ್ಸರಿಗೆ ಬಂದು, ಹೊರಗಿನ ಗಾಳಿಗೆ ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಅಲ್ಲಿಂದ ತೇವ ಹೀರುವ ಡ್ರೈಯರ್, ಒತ್ತಡ ಇಳಿಸುವ ಎಕ್ಸ್‌ಪ್ಯಾನ್ಷನ್ ವಾಲ್ವ್ ದಾಟಿ ಪುನಃ ಕಾಯಿಲ್‌ಗೆ. ಗಮನಿಸಿ: ಶಾಖ ತೆಗೆದುಕೊಳ್ಳುವುದು ಒಂದು ಜಾಗ, ಬಿಡುವುದು ಇನ್ನೊಂದು ಜಾಗ, ಎರಡೂ ಕಡೆ ಗಾಳಿ ಧಾರಾಳವಾಗಿ ಹಾಯಬೇಕು. ಯಾವುದೊಂದು ಕಟ್ಟಿಕೊಂಡರೂ ಹೊಸ ಗ್ಯಾಸು ಏನೂ ಮಾಡಲಾರದು.

ಈಗ ನಮ್ಮ ಜಿಲ್ಲೆಯ ರಸ್ತೆಗೆ ಬರೋಣ. ಡಿಸೆಂಬರ್, ಜನವರಿಯಲ್ಲಿ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಳ್ಳಿ ರಸ್ತೆಗಳಲ್ಲಿ ಹೋಗಿದ್ದೀರಲ್ಲ? ಡಾಂಬರಿನ ಮೇಲೆ ಹುರುಳಿ, ರಾಗಿ ಹರಡಿರುತ್ತಾರೆ. ಕಣ ಮಾಡುವ ಜಾಗ, ಆಳು ಎರಡೂ ಸಿಗದ ಕಾಲ; ರೈತರ ಕಷ್ಟ ಅರ್ಥವಾಗುತ್ತದೆ. ಆದರೆ ಆ ಒಕ್ಕಣೆಯ ಮೇಲೆ ಹಾದುಹೋಗುವ ಪ್ರತಿ ಕಾರೂ ಮೂತಿಯಿಂದ ಹೊಟ್ಟು ಎಳೆದುಕೊಳ್ಳುತ್ತದೆ. ಮಾಲೂರಿನ ಕಡೆ ಇಟ್ಟಿಗೆ ಗೂಡಿನ ಕೆಮ್ಮಣ್ಣು, ಕಲ್ಲು ಕ್ವಾರಿಗಳ ಹತ್ತಿರ ಬಿಳಿ ಪುಡಿ. ಇಷ್ಟೆಲ್ಲ ಹೋಗಿ ಕೂರುವುದು ಕಂಡೆನ್ಸರಿನ ತೆಳು ಅಲ್ಯೂಮಿನಿಯಂ ರೆಕ್ಕೆಗಳ ನಡುವೆ.

ಮುಂದಿನಿಂದ ಟಾರ್ಚ್ ಹಾಕಿ ನೋಡಿ "ಕ್ಲೀನಾಗೇ ಇದೆ" ಎನ್ನುತ್ತೀರಿ. ನಿಜವಾದ ಕೊಳೆ ಅಲ್ಲಿ ಕಾಣುವುದಿಲ್ಲ. ಕಂಡೆನ್ಸರಿನ ಹಿಂದೆ, ಬೆರಳು ತೂರುವಷ್ಟು ಜಾಗ ಬಿಟ್ಟು ರೇಡಿಯೇಟರ್ ಇರುತ್ತದೆ. ಕಂಡೆನ್ಸರ್ ದಾಟಿದ ಸಣ್ಣ ಹೊಟ್ಟು, ಹುಳ, ಮಣ್ಣು ರೇಡಿಯೇಟರಿನ ಮುಖಕ್ಕೆ ತಡೆದು ಆ ಸಂದಿಯಲ್ಲಿ ನಿಲ್ಲುತ್ತದೆ. ಮಳೆಗೆ ನೆನೆಯುತ್ತದೆ, ಇಂಜಿನ್ ಬಿಸಿಗೆ ಒಣಗುತ್ತದೆ, ಮತ್ತೆ ನೆನೆಯುತ್ತದೆ. ಮುಂದಿನ ಬಂಪರ್ ಬಿಚ್ಚಿ, ರೇಡಿಯೇಟರಿನ ಮೇಲಿನ ಬೋಲ್ಟ್ ಸಡಿಲಿಸಿ, ಎರಡನ್ನೂ ಸ್ವಲ್ಪ ಅಗಲಿಸಿ ಮೇಲಿನಿಂದ ಬೆಳಕು ಬಿಟ್ಟರೆ ಕೆಳಗಿನ ಅರ್ಧದಲ್ಲಿ ಕಂದು ಬಣ್ಣದ ಒಂದು ಪದರ ಕಾಣುತ್ತದೆ. ಬೆರಳಲ್ಲಿ ಎತ್ತಿದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಅದರಲ್ಲಿ ಹುರುಳಿ ಸಿಪ್ಪೆಯನ್ನು ಒಂದೊಂದಾಗಿ ಗುರುತಿಸಬಹುದು. ಇಂಥ ಗಾಡಿಗೆ ಎಷ್ಟು ಗ್ಯಾಸ್ ಹಾಕಿದರೆ ಏನು ಬಂತು? ಅದನ್ನು ತೆಗೆದು ತೊಳೆದರೆ ಎಸಿಯೂ ತಂಪಾಗುತ್ತದೆ, ಇಂಜಿನ್ ಅತಿಯಾಗಿ ಬಿಸಿಯಾಗುವುದೂ ನಿಲ್ಲುತ್ತದೆ.

ತೊಳೆಯುವಾಗ ಒಂದು ಎಚ್ಚರಿಕೆ. ವಾಟರ್ ಸರ್ವೀಸ್ ಹುಡುಗರು ಪ್ರೆಷರ್ ಗನ್ನನ್ನು ಹತ್ತಿರ ಹಿಡಿದು ಹೊಡೆದುಬಿಡುತ್ತಾರೆ. ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಪೂರ್ತಿ ಮುಚ್ಚಿಹೋಗುತ್ತದೆ. ಕೊಳೆಯಾದರೂ ತೆಗೆಯಬಹುದು, ಮಡಚಿದ ರೆಕ್ಕೆಯನ್ನು ಬಾಚಣಿಗೆಯಂಥ ಸಾಧನ ಹಿಡಿದು ಒಂದೊಂದಾಗಿ ಬಿಡಿಸಬೇಕು. ತೋಟದ ಪೈಪಿನ ನೀರು ಸಾಕು. ಸಾಧ್ಯವಾದರೆ ಇಂಜಿನ್ ಕಡೆಯಿಂದ ಹೊರಕ್ಕೆ ಹಾಯಿಸಿ, ಕೊಳೆ ಬಂದ ದಾರಿಯಲ್ಲೇ ವಾಪಸ್ ಹೋಗಲಿ. ಇಂಜಿನ್ ತಣ್ಣಗಿರಬೇಕು, ಫ್ಯಾನ್ ನಿಂತಿರಬೇಕು.

ಫ್ಯಾನ್ ಎಂದಾಗ ನೆನಪಾಯಿತು. ಹೈವೇಯಲ್ಲಿ ಎಸಿ ಚೆನ್ನಾಗಿದೆ, ಟೋಲಿನಲ್ಲಿ, ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಬಿಸಿ ಗಾಳಿ ಬರುತ್ತದೆ ಎನ್ನುವವರು ಮೊದಲು ಬಾನೆಟ್ ಎತ್ತಿ. ಇಂಜಿನ್ ಚಾಲೂ ಇಟ್ಟು ಎಸಿ ಹಾಕಿ, ಫ್ಯಾನ್ ತಿರುಗುತ್ತದೆಯೇ ನೋಡಿ. ಕೈ ಮಾತ್ರ ದೂರ ಇರಲಿ. ಗಾಡಿ ಓಡುವಾಗ ಎದುರುಗಾಳಿಯೇ ಕಂಡೆನ್ಸರನ್ನು ತಣಿಸುತ್ತದೆ. ನಿಂತಾಗ ಫ್ಯಾನೇ ಗತಿ. ಫ್ಯೂಸ್, ರಿಲೇ, ಫ್ಯಾನ್ ಮೋಟಾರ್, ಇಷ್ಟನ್ನು ನೋಡದೆ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಚ್ಚುವವರ ಕೈಗೆ ಗಾಡಿ ಕೊಡಬೇಡಿ.

ಒಳಗಿನ ಕಡೆಗೆ ಬಂದರೆ, ಇಲ್ಲಿಯೂ ನಮ್ಮೂರಿನದೇ ಒಂದು ಸಮಸ್ಯೆ ಇದೆ: ನೀಲಗಿರಿ. ಮರದ ಕೆಳಗೆ ನೆರಳಿಗೆಂದು ನಿಲ್ಲಿಸುತ್ತೀರಿ. ಮುಂದಿನ ಗಾಜಿನ ಕೆಳಗೆ, ವೈಪರ್ ಬುಡದಲ್ಲಿ ಜಾಲರಿ ಇದೆಯಲ್ಲ, ಹೊರಗಿನ ಗಾಳಿ ಒಳಕ್ಕೆ ಹೋಗುವುದು ಅಲ್ಲಿಂದ. ಎಲೆ, ಹೂವಿನ ಎಳೆ, ತೊಗಟೆ ಚೂರು ಎಲ್ಲವೂ ಅಲ್ಲಿಗೆ ಬೀಳುತ್ತವೆ. ಪುಡಿಯಾಗಿ ಎಸಿ ಫಿಲ್ಟರಿಗೆ ಇಳಿಯುತ್ತವೆ. ತಿಂಗಳಿಗೊಮ್ಮೆ ಆ ಜಾಗವನ್ನು ಕೈಯಿಂದ ತೆಗೆದು ಸ್ವಚ್ಛ ಮಾಡಿ, ಖರ್ಚಿಲ್ಲದ ಕೆಲಸ.

ಫಿಲ್ಟರ್ ಹೆಚ್ಚಿನ ಕಾರುಗಳಲ್ಲಿ ಗ್ಲವ್ ಬಾಕ್ಸ್ ಹಿಂದೆ ಇರುತ್ತದೆ. ಬಾಕ್ಸಿನ ಎರಡೂ ಪಕ್ಕ ಒಳಕ್ಕೆ ಒತ್ತಿದರೆ ಕೆಳಗೆ ಬಾಗುತ್ತದೆ, ಹಿಂದಿನ ಮುಚ್ಚಳ ತೆಗೆದರೆ ಫಿಲ್ಟರ್ ಕೈಗೆ ಬರುತ್ತದೆ. ಸ್ಕ್ರೂಡ್ರೈವರ್ ಕೂಡ ಬೇಡ. ಕಂಪನಿಯವರು ಸಾಮಾನ್ಯವಾಗಿ 10,000ದಿಂದ 15,000 ಕಿ.ಮೀ.ಗೆ ಬದಲಿಸಿ ಎನ್ನುತ್ತಾರೆ. ನಮ್ಮ ಧೂಳಿಗೆ ಅದರ ಅರ್ಧಕ್ಕೇ ಒಮ್ಮೆ ತೆಗೆದು ನೋಡಿ. ಬ್ಲೋಯರ್ ನಾಲ್ಕರಲ್ಲಿಟ್ಟರೂ ಸದ್ದು ಮಾತ್ರ ಜೋರು, ಗಾಳಿ ಬಾರದಿದ್ದರೆ ಮೊದಲ ಅನುಮಾನ ಇದರ ಮೇಲೆ. ಕೆಲವು ಕಾರುಗಳ ಕೆಳಗಿನ ಮಾಡೆಲ್‌ಗಳಲ್ಲಿ ಫಿಲ್ಟರಿನ ಜಾಗ ಇರುತ್ತದೆ, ಫಿಲ್ಟರ್ ಇರುವುದಿಲ್ಲ! ನಿಮ್ಮದರಲ್ಲಿ ಇದೆಯೋ ಇಲ್ಲವೋ ನೋಡಿ, ಇಲ್ಲದಿದ್ದರೆ ಕೊಂಡು ಹಾಕಿ. ಅದಿಲ್ಲದೆ ಓಡಿಸಿದರೆ ಧೂಳೆಲ್ಲ ನೇರ ಒದ್ದೆ ಕಾಯಿಲ್‌ಗೆ ಅಂಟುತ್ತದೆ. ಯಾವಾಗಲೂ ತೇವವಾಗಿರುವ ಕೊಳೆ ಅಲ್ಯೂಮಿನಿಯಂ ತಿನ್ನುತ್ತದೆ, ಕಾಯಿಲ್ ತೂತಾಗುತ್ತದೆ. ಡ್ಯಾಶ್‌ಬೋರ್ಡ್ ಬಿಚ್ಚಿ ಕಾಯಿಲ್ ಬದಲಿಸುವ ಖರ್ಚಿನ ಮುಂದೆ ಫಿಲ್ಟರಿನ ಬೆಲೆ ಲೆಕ್ಕಕ್ಕೇ ಇಲ್ಲ.

ಇಲ್ಲೊಬ್ಬ ಅಕ್ಕ ಕೇಳಿದರು: ಎಸಿ ಹಾಕಿದ ಕೂಡಲೇ ಮುಗ್ಗಲು ವಾಸನೆ ಬರುತ್ತದೆ, ಪರ್ಫ್ಯೂಮ್ ಇಟ್ಟರೂ ಹೋಗುವುದಿಲ್ಲ. ಅಕ್ಕಾ, ಅದು ಒದ್ದೆ ಕಾಯಿಲ್ ಮೇಲೆ ಬೆಳೆದ ಬೂಷ್ಟು. ಪರ್ಫ್ಯೂಮ್ ವಾಸನೆ ಮುಚ್ಚುತ್ತದೆ, ಬೂಷ್ಟು ಹಾಗೇ ಇರುತ್ತದೆ. ಮನೆ ತಲುಪಲು ಎರಡು ಮೂರು ನಿಮಿಷ ಇರುವಾಗ ಎಸಿ ಬಟನ್ ಮಾತ್ರ ಆಫ್ ಮಾಡಿ, ಬ್ಲೋಯರ್ ಓಡುತ್ತಿರಲಿ, ಹೊರಗಿನ ಗಾಳಿ ಒಳಬರಲಿ. ಕಾಯಿಲ್ ಸ್ವಲ್ಪ ಒಣಗುತ್ತದೆ. ಈಗಾಗಲೇ ವಾಸನೆ ಕೂತಿದ್ದರೆ ಒಮ್ಮೆ ಕಾಯಿಲ್ ಕ್ಲೀನಿಂಗ್ ಮಾಡಿಸಿ, ಆಮೇಲೆ ಈ ಅಭ್ಯಾಸ ಹಿಡಿಯಿರಿ. ಹಾಗೆಯೇ, ಗಾಡಿ ಕೆಳಗೆ ನೀರು ತೊಟ್ಟಿಕ್ಕುವುದು ಒಳ್ಳೆಯ ಲಕ್ಷಣ. ಅದೇ ನೀರು ಎಡಗಡೆ ಕಾಲು ಹಾಸಿನ ಮೇಲೆ ಕಂಡರೆ ಡ್ರೈನ್ ಪೈಪ್ ಕಟ್ಟಿದೆ ಎಂದು ಅರ್ಥ. ಅಂಟಂಟಾಗಿ, ಸಿಹಿ ವಾಸನೆ ಇದ್ದರೆ ಮಾತ್ರ ಅದು ಹೀಟರಿನ ಕೂಲಂಟ್, ಕೂಡಲೇ ತೋರಿಸಿ.

ಈಗ ಗ್ಯಾಸಿನ ವಿಷಯ. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನೀವು ಮೋಸ ಹೋಗುವುದು ಇಲ್ಲೇ.

ಗೇಜ್ ಹಚ್ಚಿ, ಮುಳ್ಳು ನೋಡಿ, "ಕಡಿಮೆ ಇದೆ, ಇನ್ನೂರು ಗ್ರಾಂ ಹಾಕೋಣ" ಎನ್ನುವುದನ್ನು ಕೇಳಿದ್ದೀರಿ. ಗೇಜ್ ತೋರಿಸುವುದು ಒತ್ತಡವನ್ನು, ತೂಕವನ್ನಲ್ಲ. ಮನೆಯ ಅಡುಗೆ ಸಿಲಿಂಡರನ್ನು ನೆನೆಸಿಕೊಳ್ಳಿ: ತುಂಬಿದಾಗಲೂ, ಕಾಲು ಭಾಗ ಉಳಿದಾಗಲೂ ಒಲೆಯ ಉರಿ ಒಂದೇ ಥರ. ಎಷ್ಟಿದೆ ಎಂದು ತಿಳಿಯಲು ಎತ್ತಿ ತೂಗಿಯೇ ನೋಡಬೇಕು. ಎಸಿಯೊಳಗೂ ಒಂದಿಷ್ಟು ದ್ರವ ಉಳಿದಿರುವವರೆಗೆ, ಇಂಜಿನ್ ಆಫ್ ಇದ್ದಾಗ ಒತ್ತಡ ಹೊರಗಿನ ಬಿಸಿಯನ್ನು ಹಿಡಿದು ನಿಲ್ಲುತ್ತದೆ. 25 ಡಿಗ್ರಿಗೆ ಸುಮಾರು 80 ಪಿಎಸ್‌ಐ, ಗ್ಯಾಸು ಪೂರ್ತಿ ಇರಲಿ, ಅರ್ಧವಿರಲಿ. ಇಂಜಿನ್ ಓಡುವಾಗಿನ ಒತ್ತಡ ದೋಷದ ಸುಳಿವು ಕೊಡುತ್ತದೆ, ನಿಜ. ಎಷ್ಟು ಗ್ರಾಂ ಇದೆ ಎಂದು ಮಾತ್ರ ಹೇಳದು.

ಆದ್ದರಿಂದ ಸರಿಯಾದ ಕ್ರಮ ಹೀಗೆ. ಇರುವ ಗ್ಯಾಸನ್ನು ಮಷೀನಿಗೆ ಎಳೆದು ತೂಕ ನೋಡಬೇಕು. ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲಿ ನಿಮ್ಮ ಗಾಡಿಗೆ ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಚಿಕ್ಕ ಕಾರುಗಳಲ್ಲಿ ಅದು ಅರ್ಧ ಕೆಜಿಯ ಆಸುಪಾಸು, ಕೆಲವದರಲ್ಲಿ ಇನ್ನೂ ಕಡಿಮೆ. ಕೊರತೆ ಇದ್ದರೆ ಲೀಕ್ ಹುಡುಕಬೇಕು. ನೈಟ್ರೋಜನ್ ಒತ್ತಡ ಕೊಟ್ಟು ಸೋಪು ನೀರು ಹಚ್ಚುವುದು ಹಳೆಯ, ನಂಬಿಕೆಯ ದಾರಿ. ಹೊಳೆಯುವ ಬಣ್ಣ, ಅಂದರೆ ಡೈ ಹಾಕಿ ಯುವಿ ಲೈಟಿನಲ್ಲಿ ನೋಡಬಹುದು, ಸೋರಿದ ಗ್ಯಾಸು ಪತ್ತೆಹಚ್ಚುವ ಡಿಟೆಕ್ಟರ್ ಇದೆ. ಕಣ್ಣಿಗೂ ಕಾಣುತ್ತದೆ: ಗ್ಯಾಸಿನ ಜೊತೆ ಕಂಪ್ರೆಸರ್ ಆಯಿಲೂ ಸೋರುತ್ತದೆ, ಅದಕ್ಕೆ ಧೂಳು ಹಿಡಿಯುತ್ತದೆ. ಪೈಪ್ ಜಾಯಿಂಟಿನಲ್ಲಿ, ಹೋಸಿನ ಪ್ರೆಸ್ ಮಾಡಿದ ಕೊನೆಯಲ್ಲಿ, ಕಂಡೆನ್ಸರಿನ ಮೂಲೆಯಲ್ಲಿ ಸುತ್ತ ಎಲ್ಲ ಒಣ ಧೂಳಿದ್ದು ಅಲ್ಲಿ ಮಾತ್ರ ಜಿಡ್ಡಾದ ಕಪ್ಪು ಕಲೆ ಇದ್ದರೆ ಅಲ್ಲೇ ಬೆರಳಿಡಿ. ಹಲವು ಸಲ ಜಾಯಿಂಟಿನ ರಬ್ಬರ್ ಬಳೆ, ಅಂದರೆ ಒಂದು ಓ-ರಿಂಗ್ ಬದಲಿಸಿದರೆ ಮುಗಿಯುತ್ತದೆ.

ರಿಪೇರಿ ಆದ ಮೇಲೆ ವ್ಯಾಕ್ಯೂಮ್, ಅಂದರೆ ಪೈಪುಗಳೊಳಗೆ ಇರುವುದನ್ನೆಲ್ಲ ಪಂಪಿನಿಂದ ಹೊರಗೆಳೆಯುವುದು. ಅರ್ಧ ಗಂಟೆ ಪಂಪ್ ಓಡಬೇಕು, ಆಮೇಲೆ ಪಂಪ್ ನಿಲ್ಲಿಸಿ ಮುಳ್ಳು ವಾಪಸ್ ಬರುತ್ತದೆಯೇ ಎಂದು ಕಾಯಬೇಕು. ವ್ಯಾಕ್ಯೂಮ್ ಇರುವುದು ಬರೀ ಗಾಳಿ ತೆಗೆಯಲಿಕ್ಕಲ್ಲ. ಒಳಗಿನ ತೇವ ಆ ಕಡಿಮೆ ಒತ್ತಡದಲ್ಲಿ ಆವಿಯಾಗಿ ಹೊರಬರಬೇಕು. ತೇವ ಉಳಿದರೆ ವಾಲ್ವ್‌ನಲ್ಲಿ ಹೆಪ್ಪುಗಟ್ಟಿ ತಂಪು ಬಂದು ಬಂದು ಹೋಗುತ್ತದೆ, ಆಯಿಲ್ ಜೊತೆ ಸೇರಿ ಆಮ್ಲವಾಗಿ ಕಂಪ್ರೆಸರನ್ನೇ ತಿನ್ನುತ್ತದೆ. ಇಲ್ಲಿರುವ ಮೆಕ್ಯಾನಿಕ್ ಹುಡುಗರಿಗೆ ಒಂದು ಮಾತು: ಪುಸ್ತಕದಲ್ಲಿ 29 ಇಂಚು (ಪಾದರಸದ ಅಳತೆ) ವ್ಯಾಕ್ಯೂಮ್ ಎಂದು ಓದಿ, ನಮ್ಮಲ್ಲಿ 27ಕ್ಕೆ ನಿಂತಿತೆಂದು ಪಂಪ್ ಕೆಟ್ಟಿದೆ ಅಂದುಕೊಳ್ಳಬೇಡಿ. ಕೋಲಾರ ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಮೇಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 27 ಇಂಚು. ಅದಕ್ಕಿಂತ ಹೆಚ್ಚು ಎಳೆಯಲು ಯಾವ ಪಂಪಿಗೂ ಆಗದು.

ಕೊನೆಗೆ ತೂಕ ಹಾಕಿ ಗ್ಯಾಸ್ ಹಾಕಬೇಕು. "ಐವತ್ತು ಗ್ರಾಂ ಜಾಸ್ತಿ ಇರಲಿ, ಕೂಲಿಂಗ್ ಜೋರಾಗುತ್ತೆ" ಎನ್ನುವ ಮಾತು ಪೂರ್ತಿ ಸುಳ್ಳು. ಹೆಚ್ಚಾದರೆ ಕಂಡೆನ್ಸರಿನಲ್ಲಿ ದ್ರವ ತುಂಬಿ ಶಾಖ ಬಿಡುವ ಜಾಗ ಕಡಿಮೆಯಾಗುತ್ತದೆ, ಒತ್ತಡ ಏರುತ್ತದೆ, ತಂಪು ಇಳಿಯುತ್ತದೆ, ಕಂಪ್ರೆಸರ್ ಸವೆಯುತ್ತದೆ.

ಅಗ್ಗದ ಗ್ಯಾಸಿನ ಬಗ್ಗೆಯೂ ಹೇಳಲೇಬೇಕು. ಆರ್-134ಎ ಹೆಸರಿನ ಡಬ್ಬಿಯಲ್ಲಿ ಬೇರೇನೋ ಬೆರೆತಿರುವ ಉದಾಹರಣೆಗಳು ಜಗತ್ತಿನ ಹಲವು ಕಡೆ ಸಿಕ್ಕಿವೆ. 2011ರಲ್ಲಿ ಹಡಗಿನ ಶೀತಲ ಕಂಟೇನರುಗಳು ಸ್ಫೋಟಿಸಿ ಕೆಲಸಗಾರರು ಸತ್ತರು. ಆರ್-40, ಅಂದರೆ ಮೀಥೈಲ್ ಕ್ಲೋರೈಡ್ ಬೆರೆತ ನಕಲಿ ಗ್ಯಾಸು ಒಳಗಿನ ಅಲ್ಯೂಮಿನಿಯಂ ಜೊತೆ ವರ್ತಿಸಿದ್ದೇ ಅದಕ್ಕೆ ಕಾರಣವೆಂದು ಕಂಡುಬಂತು. ನಮ್ಮ ಕಾರಿನ ಕಾಯಿಲೂ ಕಂಡೆನ್ಸರೂ ಅಲ್ಯೂಮಿನಿಯಮ್ಮೇ. ಅಡುಗೆ ಗ್ಯಾಸು ತುಂಬುವ ದುಸ್ಸಾಹಸವಂತೂ ಬೇಡವೇ ಬೇಡ; ಡ್ಯಾಶ್‌ಬೋರ್ಡ್ ಒಳಗೆ ಸೋರಿದರೆ ಒಂದು ಕಿಡಿ ಸಾಕು.

ಹಳೆಯ ಕಾರುಗಳಲ್ಲಿ ಆರ್-12 ಇತ್ತು. ಅದು ಓಝೋನ್ ಪದರ ಹಾಳುಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದಿಂದ ಮೂಲೆಗೆ ಸರಿಯಿತು. ಈಗಿನ 134ಎ ಓಝೋನಿಗೆ ತೊಂದರೆ ಕೊಡುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದರ ಒಂದು ಕೆಜಿ 1,430 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ. ಲೆಕ್ಕ ಹಾಕಿ ನೋಡಿ: ಅರ್ಧ ಕೆಜಿ ಗ್ಯಾಸು ಸೋರಿಹೋದರೆ ಸುಮಾರು 300 ಲೀಟರ್ ಪೆಟ್ರೋಲ್ ಸುಟ್ಟಷ್ಟು ಹಾನಿ. ಇಂಥ ಗ್ಯಾಸುಗಳ ಬಳಕೆಯನ್ನು ಕಡಿಮೆ ಮಾಡಲು ಅದೇ ಮಾಂಟ್ರಿಯಲ್ ಒಪ್ಪಂದಕ್ಕೆ ತಂದ 2016ರ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಅನುಮೋದನೆ ಕೊಟ್ಟಿದೆ. ರಿಪೇರಿಗೆ ಮುಂಚೆ ವಾಲ್ವ್ ಒತ್ತಿ ಗ್ಯಾಸನ್ನು ಬುಸ್ಸೆಂದು ಗಾಳಿಗೆ ಬಿಡುವುದನ್ನು ನಮ್ಮ ಕಸುಬಿನವರು ನಿಲ್ಲಿಸಬೇಕೆಂದು ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕಾಗಿಯೇ.

ಈಗ ನಿಮ್ಮ ಕೈಯಲ್ಲಿರುವುದನ್ನು ನೋಡೋಣ. ನಮ್ಮೂರಿನ ಸ್ವಲ್ಪ ತಂಪಾದ ಹವೆ ಎಸಿಯ ದೋಷವನ್ನು ಮುಚ್ಚಿಡುತ್ತದೆ. ಕೋಲಾರದಲ್ಲಿ ಪರವಾಗಿಲ್ಲ ಅನ್ನಿಸಿದ ಎಸಿ, ತಿರುಪತಿ ಟ್ರಿಪ್ಪಿನಲ್ಲಿ ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿದು ಚಿತ್ತೂರು ಮುಟ್ಟುವಷ್ಟರಲ್ಲಿ ಕೈಕೊಡುತ್ತದೆ. ಕಸ್ಟಮರ್ ಮಕ್ಕಳನ್ನು ಕಟ್ಟಿಕೊಂಡು ಹಿಂದೆ ಕೂತಿರುತ್ತಾರೆ. ಹೊರಡುವ ಮುಂಚೆಯೇ ಪರೀಕ್ಷೆ ಮಾಡಿಕೊಳ್ಳಿ. ಮಧ್ಯದ ವೆಂಟಿನಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಸಿಕ್ಕಿಸಿ, ಬಾಗಿಲು ಗಾಜು ಮುಚ್ಚಿ, ಪೂರ್ತಿ ಕೋಲ್ಡ್, ಒಳಗಿನ ಗಾಳಿಯೇ ಸುತ್ತುವಂತೆ ಇಟ್ಟು, ಇಂಜಿನ್ 1,500 ಆರ್‌ಪಿಎಂನಲ್ಲಿ ಹತ್ತು ನಿಮಿಷ ಓಡಿಸಿ. ಹೊರಗೆ 35 ಡಿಗ್ರಿ ಇರುವಾಗ ವೆಂಟಿನಲ್ಲಿ 10ರ ಆಸುಪಾಸು ಅಥವಾ ಅದಕ್ಕಿಂತ ಕೆಳಗೆ ಬಂದರೆ ಆರೋಗ್ಯವಾಗಿದೆ. ಬಂದ ಅಂಕಿಯನ್ನು ದಿನಾಂಕ ಹಾಕಿ ಬರೆದಿಡಿ, ಮುಂದಿನ ವರ್ಷ ಹೋಲಿಸಲು ಬೇಕಾಗುತ್ತದೆ.

ಬಿಸಿಲಲ್ಲಿ ನಿಂತ ಕಾರಿನೊಳಗೆ ಹೊರಗಿನದಕ್ಕಿಂತ 20 ಡಿಗ್ರಿ ಹೆಚ್ಚು ಬಿಸಿ ಸೇರಿರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ. ಗಾಜು ಸ್ವಲ್ಪ ಇಳಿಸಿಟ್ಟರೂ ಹೆಚ್ಚು ವ್ಯತ್ಯಾಸವಾಗದು. ಮಗುವನ್ನು "ಐದು ನಿಮಿಷ" ಎಂದು ಒಳಗೆ ಬಿಟ್ಟು ಹೋಗಲೇಬೇಡಿ. ಹತ್ತಿದ ಕೂಡಲೇ ನಾಲ್ಕೂ ಗಾಜು ಇಳಿಸಿ ಒಂದು ನಿಮಿಷ ಓಡಿಸಿ, ಬಿಸಿ ಹೊರಹೋಗಲಿ. ಆಮೇಲೆ ಗಾಜು ಏರಿಸಿ ಎಸಿ ಹಾಕಿ. ಒಳಗೆ ತಣ್ಣಗಾಗುತ್ತಿದ್ದಂತೆ ಹೊರಗಾಳಿ ಮುಚ್ಚಿ. ಆಗ ಕಾಯಿಲ್‌ಗೆ ಈಗಾಗಲೇ ತಂಪಾದ, ಒಣಗಿದ ಗಾಳಿಯೇ ಬರುವುದರಿಂದ ಕೆಲಸ ಹಗುರ. ನಾಬ್ ತಿರುಗಿಸುವ ಮಾಮೂಲಿ ಎಸಿಯಲ್ಲಿ ಚಳಿಯಾಯಿತೆಂದು ನಾಬನ್ನು ನಡುವೆ ತಂದರೆ ಹೀಟರಿನ ಬಿಸಿ ಬೆರೆಯುತ್ತದೆ, ಕಂಪ್ರೆಸರ್ ದುಡಿಮೆ ವ್ಯರ್ಥ. ಪೂರ್ತಿ ಕೋಲ್ಡ್‌ನಲ್ಲೇ ಬಿಟ್ಟು ಬ್ಲೋಯರ್ ಕಡಿಮೆ ಮಾಡಿ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಲಿ. ಆಯಿಲ್ ಸುತ್ತಾಡಿದರೆ ಸೀಲುಗಳು ಒಣಗುವುದಿಲ್ಲ.

ರಾತ್ರಿ ದೂರ ಓಡಿಸುವವರಿಗೆ ಎರಡು ಮಾತು ಗಟ್ಟಿಯಾಗಿ ಹೇಳುತ್ತೇನೆ. ಐದು ಜನ ಕೂತು ಗಂಟೆಗಟ್ಟಲೆ ಒಳಗಾಳಿಯಲ್ಲೇ ಹೋದರೆ ಉಸಿರಿನ ಕಾರ್ಬನ್ ಡೈಆಕ್ಸೈಡ್ ಒಳಗೇ ತುಂಬಿ ತಲೆ ಭಾರವಾಗುತ್ತದೆ, ಆಕಳಿಕೆ ಬರುತ್ತದೆ. ಅರ್ಧ ಗಂಟೆಗೊಮ್ಮೆ ಕೆಲವು ನಿಮಿಷ ಹೊರಗಾಳಿ ಬಿಡಿ. ಎರಡನೆಯದು, ಇಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ನಿಂತ ಗಾಡಿಯಲ್ಲಿ ಮಲಗಬೇಡಿ, ಶೆಡ್ಡಿನೊಳಗೆ ಅಂತೂ ಎಂದಿಗೂ ಬೇಡ. ಸೈಲೆನ್ಸರಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ಮಂಡಿಯಿಂದ ಟೊಮೆಟೊ ಲೋಡು ಎತ್ತುವ ಲಾರಿಯವರೊಬ್ಬರು ಎದ್ದು ಕೇಳಿದರು: ನಮ್ಮ ಲಾರಿಗೂ ಎಸಿ ಬರುತ್ತದಂತೆ, ನಿಜವೇ? ನಿಜ ಅಣ್ಣಾ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಬೇಸಿಗೆಯಲ್ಲಿ ಇಂಜಿನ್ ಪಕ್ಕ ಕೂತು ರಾತ್ರಿಹಗಲು ಓಡಿಸುವವರಿಗೆ ಇದು ಎಂದೋ ಸಿಗಬೇಕಾಗಿತ್ತು. ನಾನು ಹೇಳಿದ ಕಂಡೆನ್ಸರ್, ಫ್ಯಾನ್, ಫಿಲ್ಟರ್ ಎಲ್ಲವೂ ನಿಮಗೂ ಅನ್ವಯ, ಧೂಳು ನಿಮಗೆ ಇನ್ನೂ ಜಾಸ್ತಿ.

ಇನ್ನೊಬ್ಬ ಹುಡುಗ ಎಲೆಕ್ಟ್ರಿಕ್ ಕಾರಿನ ಬಗ್ಗೆ ಕೇಳಿದ. ಅದರ ಕಂಪ್ರೆಸರ್ ಹೈವೋಲ್ಟೇಜಿನಲ್ಲಿ ಓಡುತ್ತದೆ, ಅದಕ್ಕೆ ವಿದ್ಯುತ್ ಹರಿಸದ ಬೇರೆ ಆಯಿಲ್ ಬೇಕು. ಮಾಮೂಲಿ ಕಾರಿನ ಆಯಿಲ್ ಸೇರಿದರೆ ಇಡೀ ಸಿಸ್ಟಮ್ ಹಾಳು. ಎಷ್ಟೋ ಎಲೆಕ್ಟ್ರಿಕ್ ಕಾರುಗಳಲ್ಲಿ ಬ್ಯಾಟರಿಯನ್ನು ತಣಿಸುವುದೂ ಇದೇ ಎಸಿ. ಅಭ್ಯಾಸ ಇಲ್ಲದವರ ಕೈಗೆ ಕೊಡಬೇಡ ತಮ್ಮಾ.

ಇನ್ನು ಗ್ಯಾಸಿನ ಕೆಲಸ ಮಾಡಿಸುವವರು ಬಿಲ್ಲಿನಲ್ಲಿ ಮೂರು ವಿಷಯ ಬರೆಸಿಕೊಳ್ಳಿ: ತೆಗೆದದ್ದು ಎಷ್ಟು ಗ್ರಾಂ, ಲೀಕ್ ಇದ್ದದ್ದು ಎಲ್ಲಿ, ಹಾಕಿದ್ದು ಎಷ್ಟು ಗ್ರಾಂ. ಬರೆದುಕೊಡಲು ಹಿಂಜರಿದರೆ ಗಾಡಿ ತಿರುಗಿಸಿಕೊಂಡು ಪಕ್ಕದ ಅಂಗಡಿಗೆ ಹೋಗಿ.